ಸಾಂತಾ ಕೊಟ್ಟ ಮಾತು: ಒಂದು ಸ್ಟಾಪ್‌ಮೋಷನ್ ಕ್ರಿಸ್ಮಸ್ ಚಿತ್ರದ ಪ್ರಕರಣ ಅಧ್ಯಯನ

1964ರ ಡಿಸೆಂಬರ್ 6, ಭಾನುವಾರದ ಸಂಜೆ, ಅಮೆರಿಕದ ಎನ್‌ಬಿಸಿ ದೂರದರ್ಶನ ಜಾಲವು ‘ರುಡಾಲ್ಫ್ ದ ರೆಡ್-ನೋಸ್ಡ್ ರೇನ್‌ಡಿಯರ್’ ಎಂಬ ಒಂದು ಗಂಟೆಯ ಸ್ಟಾಪ್‌ಮೋಷನ್ ಚಿತ್ರವನ್ನು, ಅಂದರೆ ಬೊಂಬೆಗಳನ್ನು ಚೂರುಚೂರೇ ಸರಿಸುತ್ತ ಒಂದೊಂದೇ ಚಿತ್ರ ತೆಗೆದು ಜೋಡಿಸಿದ ಬೊಂಬೆ ಚಿತ್ರವನ್ನು, ಮೊದಲ ಬಾರಿಗೆ ಪ್ರಸಾರ ಮಾಡಿತು. ಜನರಲ್ ಎಲೆಕ್ಟ್ರಿಕ್ ಕಂಪನಿ ಅದರ ಪ್ರಾಯೋಜಕವಾಗಿತ್ತು. ಚಿತ್ರ ಮೆಚ್ಚುಗೆ ಪಡೆಯಿತು. ಆದರೆ ಅದನ್ನು ನೋಡಿದ ಮನೆಗಳಿಂದ ಒಂದು ದೂರೂ ಬಂತು. ಚಿತ್ರದೊಳಗೆ ಸಾಂತಾ ಕ್ಲಾಸ್ ಕೆಲವು ಆಟಿಕೆಗಳಿಗೆ ಮನೆ ಹುಡುಕಿಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ, ಚಿತ್ರ ಮುಗಿದರೂ ಅವನು ಆ ಮಾತನ್ನು ನಡೆಸಿಕೊಟ್ಟದ್ದು ಕಾಣಲಿಲ್ಲ ಎಂಬುದೇ ಆ ದೂರು. ತಯಾರಕರು ಅದನ್ನು ಹಗುರವಾಗಿ ಕಾಣಲಿಲ್ಲ. ಮರುವರ್ಷ, 1965ರ ಪ್ರಸಾರದ ಹೊತ್ತಿಗೆ, ಹೊಸದೊಂದು ದೃಶ್ಯವನ್ನು ಚಿತ್ರಿಸಿ ಚಿತ್ರಕ್ಕೆ ಸೇರಿಸಿದರು.

ಈ ಅಧ್ಯಯನಕ್ಕೆ ಆ ಒಂದು ವರ್ಷದ ಘಟನೆಯನ್ನೇ ಆರಿಸಿಕೊಂಡಿದ್ದೇನೆ. ಹಬ್ಬದ ಕಾಲದ ಸ್ಟಾಪ್‌ಮೋಷನ್ ಚಿತ್ರಗಳ ಮೋಹಕತೆಯ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಬಾಲ್ಯದ ನೆನಪನ್ನೂ ಬಣ್ಣವನ್ನೂ ಹಾಡನ್ನೂ ಕಾರಣವಾಗಿ ಹೇಳುತ್ತಾರೆ. ಅವೆಲ್ಲ ನಿಜವೇ. ಆದರೆ ಮನೆಯಲ್ಲಿ ಕುಳಿತು ಚಿತ್ರ ನೋಡಿದವರು ಆಟಿಕೆಗಳ ಪರವಾಗಿ ನ್ಯಾಯ ಕೇಳುವಂತಾದದ್ದಕ್ಕೆ ಅಷ್ಟು ಕಾರಣ ಸಾಲದು. ಅದರ ಮೂಲ ಈ ಕಲೆಯ ಕಸುಬಿನಲ್ಲಿದೆ ಎಂದು ನಾನು ನಂಬಿದ್ದೇನೆ. ತೆರೆಯ ಮೇಲೆ ಕಂಡ ಆಟಿಕೆ ಒಂದು ಮೇಜಿನ ಮೇಲೆ, ಒಂದು ದೀಪದ ಕೆಳಗೆ, ನಿಜವಾಗಿಯೂ ನಿಂತಿತ್ತು. ಆದ್ದರಿಂದಲೇ ಅದನ್ನು ನಡುದಾರಿಯಲ್ಲಿ ಕೈಬಿಡುವುದು ನೋಡುವವರಿಗೆ ನಿಜವಾದ ಕೈಬಿಡುವಿಕೆಯಾಗಿಯೇ ಕಂಡಿತು.

ಕಥೆ ಬಂದ ದಾರಿ

ರುಡಾಲ್ಫ್ ಎಂಬ ಹಿಮಸಾರಂಗ ಹುಟ್ಟಿದ್ದು 1939ರಲ್ಲಿ. ಮಾಂಟ್‌ಗೊಮರಿ ವಾರ್ಡ್ ಎಂಬ ಅಮೆರಿಕದ ಮಾರಾಟ ಸಂಸ್ಥೆ ತನ್ನ ಗ್ರಾಹಕರ ಮಕ್ಕಳಿಗೆ ಹಂಚಲು ಒಂದು ಪುಟ್ಟ ಪುಸ್ತಕವನ್ನು ಅಚ್ಚು ಹಾಕಿಸಿತು. ಅಲ್ಲಿ ಜಾಹೀರಾತು ಬರೆಯುತ್ತಿದ್ದ ರಾಬರ್ಟ್ ಮೇ ಅದನ್ನು ಪದ್ಯದಲ್ಲಿ ಬರೆದರು. ಮೇ ಅವರ ಬಂಧು ಜಾನಿ ಮಾರ್ಕ್ಸ್ ಅದೇ ಕಥೆಯನ್ನು ಹಾಡಾಗಿಸಿದರು. 1949ರಲ್ಲಿ ಜೀನ್ ಆಟ್ರಿ ಹಾಡಿದ ಮೇಲೆ ಅದು ಮನೆಮನೆಗೂ ತಲುಪಿತು. ಆ ಹಾಡಿನಲ್ಲಿ ಇರುವುದು ಇಷ್ಟೇ: ಹೊಳೆಯುವ ಕೆಂಪು ಮೂಗಿನ ಹಿಮಸಾರಂಗವನ್ನು ಉಳಿದವು ಹಾಸ್ಯ ಮಾಡುತ್ತವೆ, ಮಂಜು ಕವಿದ ಒಂದು ಕ್ರಿಸ್ಮಸ್ ರಾತ್ರಿ ಅದೇ ಮೂಗು ಸಾಂತಾನ ಜಾರುಬಂಡಿಗೆ ದಾರಿ ತೋರಿಸುತ್ತದೆ.

ಇದನ್ನು ಒಂದು ಗಂಟೆಯ ಚಿತ್ರವಾಗಿ ಹಿಗ್ಗಿಸುವ ಕೆಲಸ ರೋಮಿಯೊ ಮುಲ್ಲರ್ ಅವರ ಪಾಲಿಗೆ ಬಂತು. ಅವರು ಹೊಸ ಪಾತ್ರಗಳನ್ನು ತಂದರು: ಆಟಿಕೆ ಮಾಡುವುದನ್ನು ಬಿಟ್ಟು ದಂತವೈದ್ಯನಾಗಬಯಸುವ ಹರ್ಮಿ ಎಂಬ ಎಲ್ಫ್ (ಸಾಂತಾನ ಬಳಿ ದುಡಿಯುವ ಕುಳ್ಳ ಕಿನ್ನರ), ಬೆಳ್ಳಿ ಬಂಗಾರ ಅರಸುತ್ತ ಅಲೆಯುವ ಯೂಕಾನ್ ಕಾರ್ನೀಲಿಯಸ್, ಕಥೆ ಹೇಳುವ ಹಿಮಬೊಂಬೆ ಸ್ಯಾಮ್. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿಗೂ ಹೊಂದದ ಆಟಿಕೆಗಳು ವಾಸಿಸುವ ಒಂದು ದ್ವೀಪವನ್ನು ಅವರು ಕಲ್ಪಿಸಿದರು. ಚೌಕ ಗಾಲಿಗಳ ರೈಲು, ಮೈತುಂಬ ಚುಕ್ಕೆಗಳ ಆನೆ, ಹಾರಲಾರದೆ ಈಜುವ ಹಕ್ಕಿ, ನೀರಿನ ಬದಲು ಜೆಲ್ಲಿ ಚಿಮ್ಮಿಸುವ ಪಿಸ್ತೂಲು, ತೇಲಲಾರದ ದೋಣಿ, ಉಷ್ಟ್ರಪಕ್ಷಿಯ ಮೇಲೆ ಕುಳಿತ ಕೌಬಾಯ್, ಪೆಟ್ಟಿಗೆಯಿಂದ ಚಿಮ್ಮುವ ಬೊಂಬೆಯಾದರೂ ಇಂಗ್ಲಿಷಿನಲ್ಲಿ ಅಂಥ ಬೊಂಬೆಗೆ ರೂಢಿಯಾದ ಜ್ಯಾಕ್ ಎಂಬ ಹೆಸರಿನ ಬದಲು ಚಾರ್ಲಿ ಎಂಬ ಹೆಸರು ಹೊತ್ತವನು. ಇವುಗಳ ನಡುವೆ ಒಂದು ಹೆಣ್ಣು ಬೊಂಬೆಯೂ ಇದೆ. ಅದರ ದೋಷವೇನೆಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ಆ ಮೌನ ನನಗೆ ಮುಲ್ಲರ್ ಅವರ ಬರವಣಿಗೆಯ ಅತ್ಯಂತ ಕರುಣಾಮಯ ಭಾಗವಾಗಿ ಕಾಣುತ್ತದೆ, ಏಕೆಂದರೆ ಯಾರಿಗೂ ಬೇಡವಾದವರ ದೋಷ ಹೊರಗಿನಿಂದ ಕಂಡೇ ಕಾಣಬೇಕೆಂದಿಲ್ಲ.

ದ್ವೀಪದ ಅರಸ, ರೆಕ್ಕೆಯುಳ್ಳ ಸಿಂಹ, ರುಡಾಲ್ಫ್‌ನ ಬಳಿ ಒಂದು ಕೋರಿಕೆ ಇಡುತ್ತಾನೆ: ಊರಿಗೆ ಮರಳಿದ ಮೇಲೆ ಸಾಂತಾನಿಗೆ ಹೇಳಿ ಈ ಆಟಿಕೆಗಳಿಗೆ ಮಕ್ಕಳಿರುವ ಮನೆಗಳನ್ನು ಹುಡುಕಿಸಿಕೊಡು. ರುಡಾಲ್ಫ್ ಮರಳುತ್ತಾನೆ, ಹೇಳುತ್ತಾನೆ; ಬಿರುಗಾಳಿ ನಿಂತ ಕೂಡಲೇ ಮನೆ ಹುಡುಕುತ್ತೇನೆಂದು ಸಾಂತಾ ಮಾತು ಕೊಡುತ್ತಾನೆ. 1964ರ ಆವೃತ್ತಿಯಲ್ಲಿ ಆ ಎಳೆ ಅಲ್ಲಿಗೇ ನಿಂತುಬಿಟ್ಟಿತು. ಬಂಡಿ ಹಾರಿತು, ಹಾಡು ಮೊಳಗಿತು, ಚಿತ್ರ ಮುಗಿಯಿತು. ದ್ವೀಪದ ಸುದ್ದಿ ಮತ್ತೆ ಬರಲಿಲ್ಲ.

ಬರಹಗಾರನ ದೃಷ್ಟಿಯಿಂದ ಇದು ದೊಡ್ಡ ತಪ್ಪೇನಲ್ಲ. ಕಥೆಯ ನಾಯಕ ರುಡಾಲ್ಫ್. ಅವನ ಕಥೆ ದಡ ಸೇರಿತು. ಮಾತು ಕೊಟ್ಟದ್ದನ್ನು ತೋರಿಸಿದ ಮೇಲೆ ಅದು ನಡೆದಿರುತ್ತದೆಂದು ನೋಡುಗರು ಊಹಿಸಿಕೊಳ್ಳುತ್ತಾರೆ ಎಂಬ ಲೆಕ್ಕಾಚಾರ ಬಹುತೇಕ ಚಿತ್ರಗಳಲ್ಲಿ ಸರಿಯಾಗಿಯೇ ಇರುತ್ತದೆ. ಇಲ್ಲಿ ಮಾತ್ರ ಅದು ಕೈಕೊಟ್ಟಿತು.

ಮೇಜಿನ ಮೇಲಿನ ಕೆಲಸ

ಕಾರಣವನ್ನು ಅರಿಯಲು ಚಿತ್ರ ತಯಾರಾದ ಬಗೆಯನ್ನು ನೋಡಬೇಕು. ಆರ್ಥರ್ ರ‍್ಯಾಂಕಿನ್ ಜೂನಿಯರ್ ಮತ್ತು ಜೂಲ್ಸ್ ಬ್ಯಾಸ್ ನಡೆಸುತ್ತಿದ್ದ ವಿಡಿಯೊಕ್ರಾಫ್ಟ್ ಇಂಟರ್‌ನ್ಯಾಷನಲ್ ಸಂಸ್ಥೆ, ಮುಂದೆ ಇಬ್ಬರ ಹೆಸರಿನಿಂದಲೇ ಪ್ರಸಿದ್ಧವಾದದ್ದು, ಅಮೆರಿಕದಲ್ಲಿ ಕಥೆಯನ್ನೂ ಹಾಡನ್ನೂ ಸಿದ್ಧಪಡಿಸಿತು. ಪಾತ್ರಗಳ ಧ್ವನಿಗಳು ಕೆನಡಾದ ಟೊರಾಂಟೊದಲ್ಲಿ ಮುದ್ರಣಗೊಂಡವು; ರುಡಾಲ್ಫ್‌ನ ಧ್ವನಿ ಬಿಲ್ಲಿ ಮೇ ರಿಚರ್ಡ್ಸ್ ಎಂಬ ಕಲಾವಿದೆಯದು. ಬೊಂಬೆಗಳನ್ನು ಆಡಿಸಿ ಚಿತ್ರೀಕರಿಸಿದ್ದು ಜಪಾನಿನ ಟೋಕಿಯೊದಲ್ಲಿ, ತಾದಾಹಿತೊ ಮೊಚಿನಾಗ ಅವರ ಎಂಓಎಂ ಸ್ಟುಡಿಯೊದಲ್ಲಿ. ಮೊಚಿನಾಗ ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಚೀನಾದಲ್ಲಿದ್ದರು. ಯುದ್ಧ ಮುಗಿದ ಮೇಲೂ ಕೆಲವು ವರ್ಷ ಅಲ್ಲಿಯೇ ಉಳಿದು ಬೊಂಬೆ ಚಿತ್ರದ ಕೆಲಸ ಮಾಡಿ, 1953ರಲ್ಲಿ ಜಪಾನಿಗೆ ಮರಳಿದವರು. 1960ರ ಸುಮಾರಿನಿಂದ ರ‍್ಯಾಂಕಿನ್ ಅವರೊಡನೆ ಪಿನೋಕಿಯೊ ಕುರಿತ ಸರಣಿಗೆ ದುಡಿದಿದ್ದರು. ಈ ಬೊಂಬೆ ಕಲೆಗೆ ಅಮೆರಿಕದ ತಯಾರಕರು ಇಟ್ಟ ವ್ಯಾಪಾರಿ ಹೆಸರು ‘ಆನಿಮ್ಯಾಜಿಕ್’. ಅಮೆರಿಕದ ಹಬ್ಬದ ನೆನಪಾಗಿ ಬೇರೂರಿದ ಚಿತ್ರದ ಪ್ರತಿಯೊಂದು ಚಲನೆಯೂ ಜಪಾನಿನ ಕುಶಲಕರ್ಮಿಗಳ ಬೆರಳಿನಿಂದ ಬಂದದ್ದು ಎಂಬುದನ್ನು ನೆನಪಿಡಬೇಕು. ಅವರಿಗೆ ಸಲ್ಲಬೇಕಾದಷ್ಟು ಮನ್ನಣೆ ಬಹುಕಾಲ ಸಲ್ಲಲಿಲ್ಲ.

ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳಂತೆ, ಅಂದರೆ 24 ಬಿಡಿ ಚಿತ್ರಗಳಂತೆ, ಓಡುತ್ತದೆ. ಒಂದು ನಿಮಿಷವೆಂದರೆ 1,440 ಫ್ರೇಮು. ಒಂದೇ ಭಂಗಿಯನ್ನು ಎರಡೆರಡು ಫ್ರೇಮು ಹಿಡಿಯುವ ಪದ್ಧತಿಯನ್ನು ಅನುಸರಿಸಿದರೂ ನಿಮಿಷಕ್ಕೆ 720 ಸಲ ಬೊಂಬೆಯನ್ನು ಮುಟ್ಟಿ, ಕೂದಲೆಳೆಯಷ್ಟು ಸರಿಸಿ, ಕೈ ಹಿಂದಕ್ಕೆ ತೆಗೆದು, ಕ್ಯಾಮೆರಾದ ಗುಂಡಿ ಒತ್ತಬೇಕು. ಧ್ವನಿ ಮೊದಲೇ ಮುದ್ರಣವಾಗಿರುವುದರಿಂದ ಯಾವ ಉಚ್ಚಾರ ಯಾವ ಫ್ರೇಮಿನಲ್ಲಿ ಬೀಳುತ್ತದೆಂದು ಪಟ್ಟಿ ಮಾಡಿಟ್ಟುಕೊಂಡು, ಅದಕ್ಕೆ ತಕ್ಕಂತೆ ಬಾಯಿಯನ್ನು ಬದಲಿಸಬೇಕು. ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಒಂದು ಚಿತ್ರ ಕೆಟ್ಟರೆ ಆ ಹಾಳೆಯನ್ನಷ್ಟೇ ಮತ್ತೆ ಬರೆಯಬಹುದು. ಇಲ್ಲಿ ಹಾಗಲ್ಲ. ನಡೆಯುತ್ತಿರುವ ಬೊಂಬೆ ಎಡವಿ ಬಿದ್ದರೆ ಅದು ಹಿಂದಿನ ಕ್ಷಣದಲ್ಲಿ ಎಲ್ಲಿ, ಯಾವ ಕೋನದಲ್ಲಿ ನಿಂತಿತ್ತೆಂಬುದನ್ನು ಕಣ್ಣಳತೆಯಿಂದ ಮರಳಿ ಹಿಡಿಯುವುದು ಬಲು ಕಷ್ಟ. ಅನೇಕ ವೇಳೆ ಇಡೀ ಶಾಟ್ ಮೊದಲಿನಿಂದ ಆರಂಭವಾಗುತ್ತದೆ. ಆ ಕಾಲದಲ್ಲಿ ಹಿಂದಿನ ಫ್ರೇಮನ್ನು ಪರದೆಯ ಮೇಲೆ ತೋರಿಸುವ ಕಂಪ್ಯೂಟರ್ ಇರಲಿಲ್ಲ. ಫಿಲ್ಮ್ ಲ್ಯಾಬಿನಿಂದ ತೊಳೆದು ಬರುವ ತನಕ ಕೆಲಸ ಸರಿಯಾಯಿತೋ ಇಲ್ಲವೋ ಎಂಬುದು ಮಾಡಿದವನಿಗೂ ಖಚಿತವಿರುತ್ತಿರಲಿಲ್ಲ.

ದೀಪಗಳೂ ತೊಡಕು ಮಾಡುತ್ತವೆ. ವಿದ್ಯುತ್ತಿನ ಒತ್ತಡ ಸ್ವಲ್ಪ ಏರಿಳಿದರೆ, ಅಥವಾ ಬೊಂಬೆಯಾಡಿಸುವವನ ಬಿಳಿ ಅಂಗಿ ಬೆಳಕನ್ನು ಮರಳಿ ಚೆಲ್ಲಿದರೆ, ತೆರೆಯ ಮೇಲೆ ಆ ಫ್ರೇಮು ಮಿನುಗಿ ಕಾಣುತ್ತದೆ. ರುಡಾಲ್ಫ್‌ನಂತಹ ಪಾತ್ರದಲ್ಲಿ ಇನ್ನೊಂದು ಕಷ್ಟವೂ ಇದೆ: ಅವನ ಮೂಗು ತಾನೇ ಒಂದು ದೀಪ, ಅದು ಯಾವ ಫ್ರೇಮಿನಲ್ಲಿ ಹೊತ್ತಬೇಕು, ಯಾವುದರಲ್ಲಿ ಆರಬೇಕು ಎಂಬುದನ್ನೂ ಎಣಿಸಿಕೊಂಡೇ ಹೋಗಬೇಕು. ಹಿಮದ ನೆಲವನ್ನು ಹಾಸುವುದು ಸುಲಭ. ಆದರೆ ಮೇಲಿನಿಂದ ಉದುರುವ ಹಿಮದ ಪ್ರತಿ ಹರಳನ್ನೂ ಮೇಜಿನ ಮೇಲೆ ಗಾಳಿಯಲ್ಲಿ ನಿಲ್ಲಿಸಿ ಸರಿಸಲಾಗದು. ಅದನ್ನು ಬೇರೆಯಾಗಿ ಸಿದ್ಧಪಡಿಸಿ ಚಿತ್ರದ ಮೇಲೆ ಕೂಡಿಸುವುದು ಈ ಕಸುಬಿನ ವಾಡಿಕೆ.

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಕೈಯ ಗುರುತು ಉಳಿಯುತ್ತದೆ. ಬಟ್ಟೆಯ ಮಡಿಕೆ ಕ್ಷಣಕ್ಕೊಮ್ಮೆ ಬದಲಾಗುತ್ತದೆ, ತುಪ್ಪಳ ಗಾಳಿಯಿಲ್ಲದೆಯೂ ಅಲುಗುತ್ತದೆ, ನಡಿಗೆಯಲ್ಲಿ ಸಣ್ಣದೊಂದು ತಡವರಿಕೆ ಇರುತ್ತದೆ. ತಂತ್ರದ ಮಟ್ಟದಲ್ಲಿ ಇವು ದೋಷಗಳು. ಆದರೆ ನೋಡುವ ಮಗುವಿಗೆ ಇವು ಬೇರೆಯದೇ ಸುದ್ದಿ ಹೇಳುತ್ತವೆ: ಇಲ್ಲೊಂದು ವಸ್ತು ಇದೆ, ಅದಕ್ಕೆ ತೂಕವಿದೆ, ಅದರ ನೆರಳು ನೆಲದ ಮೇಲೆ ಬಿದ್ದಿದೆ, ಯಾರೋ ಅದನ್ನು ಕೈಯಲ್ಲಿ ಹಿಡಿದಿದ್ದರು. ಮಗು ತನ್ನ ಮನೆಯ ಬೊಂಬೆಯನ್ನು ಆಡಿಸುವುದೂ ಹೀಗೆಯೇ, ತಡೆದು ತಡೆದು, ಒಂದೊಂದೇ ಹೆಜ್ಜೆ ಇಡಿಸುತ್ತ. ಬರೆದ ಪಾತ್ರ ಚಿತ್ರ ಮುಗಿದ ಮೇಲೆ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ, ಅದು ಎಲ್ಲಿಯೂ ಇರಲಿಲ್ಲವೆಂದು ಕಣ್ಣಿಗೆ ಗೊತ್ತು. ಬೊಂಬೆಯ ವಿಷಯದಲ್ಲಿ ಕಣ್ಣು ಹಾಗೆ ಸಮಾಧಾನಗೊಳ್ಳುವುದಿಲ್ಲ.

ಹಬ್ಬಕ್ಕೂ ಈ ಕಲೆಗೂ ಇರುವ ನಂಟು ಇಲ್ಲಿಂದಲೇ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ, ಮತ್ತು ಅದು ಹಳೆಯ ನಂಟು. 1913ರಷ್ಟು ಹಿಂದೆಯೇ ಲಾಡಿಸ್ಲಾಸ್ ಸ್ಟಾರೆವಿಚ್ ರಷ್ಯಾದಲ್ಲಿ ಮಾಡಿದ ಪುಟ್ಟ ಚಿತ್ರದಲ್ಲಿ ಕ್ರಿಸ್ಮಸ್ ಮರಕ್ಕೆ ತೂಗುಹಾಕಿದ ಹಿಮತಾತನ ಬೊಂಬೆ ಮರದಿಂದಿಳಿದು ಕಾಡಿಗೆ ಹೋಗಿ, ಕೀಟಗಳಿಗೆ ಹಬ್ಬ ಮಾಡಿಸುತ್ತದೆ. ವರ್ಷವಿಡೀ ಪೆಟ್ಟಿಗೆಯಲ್ಲಿ ಮಲಗಿ, ಕೆಲವೇ ದಿನ ಹೊರಬಂದು, ಮತ್ತೆ ಪೆಟ್ಟಿಗೆ ಸೇರುವ ಅಲಂಕಾರದ ವಸ್ತುಗಳು ಕ್ರಿಸ್ಮಸ್ ಹಬ್ಬದ ಜೀವಾಳ. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಮಾತ್ರ ಪ್ರಸಾರವಾಗುತ್ತಿದ್ದ ಬೊಂಬೆ ಚಿತ್ರವೂ ಅಂಥದೇ ಒಂದು ವಸ್ತುವಾಗಿ ಮನೆಯೊಳಗೆ ಸ್ಥಾನ ಪಡೆಯಿತು.

ಈಗ ಆ ಸಂಜೆಯ ಮಗುವಿನ ಸ್ಥಿತಿಯನ್ನು ಯೋಚಿಸಬೇಕು. ಅದರ ಮುಂದಿರುವುದು ಆಟಿಕೆಗಳ ಕುರಿತ ಕಥೆ, ಆಟಿಕೆಗಳಿಂದಲೇ ಹೇಳಿದ ಕಥೆ. ಚೌಕ ಗಾಲಿಯ ರೈಲು ನಿಜವಾಗಿಯೂ ಚೌಕ ಗಾಲಿಯ ರೈಲೇ. ನಮ್ಮನ್ನು ಯಾರಾದರೂ ಕರೆದುಕೊಂಡು ಹೋಗಲಿ ಎಂದು ಅವು ಕೇಳಿದ್ದು ರುಡಾಲ್ಫ್‌ನನ್ನೇ ಆದರೂ, ಕೇಳಿಸಿಕೊಂಡದ್ದು ಮಗುವೂ ಹೌದು. ಮರುಗಳಿಗೆ ಅವನ್ನು ಯಾರೂ ವಿಚಾರಿಸಲಿಲ್ಲ. ಬಂದ ದೂರು ಆ ಮಗುವಿನ ಮಟ್ಟಿಗೆ ಸಂಪೂರ್ಣ ನ್ಯಾಯವಾದದ್ದು.

ತಿದ್ದುಪಡಿ

ತಯಾರಕರ ಮುಂದೆ ಸುಲಭದ ದಾರಿಗಳಿದ್ದವು. ಹಿಮಬೊಂಬೆ ಸ್ಯಾಮ್ ಕಥೆ ಹೇಳುವವನಾದ್ದರಿಂದ ಅವನ ಬಾಯಲ್ಲಿ ಒಂದು ವಾಕ್ಯ ಸೇರಿಸಿ, ಸಾಂತಾ ಮಾತು ನಡೆಸಿದನೆಂದು ಹೇಳಿಸಿಬಿಡಬಹುದಿತ್ತು. ಖರ್ಚೂ ಕಡಿಮೆ. ಅವರು ಹಾಗೆ ಮಾಡಲಿಲ್ಲ, ಮತ್ತು ಆ ನಿರ್ಧಾರವೇ ಈ ಪ್ರಕರಣದ ತಿರುಳು. ಕೈಬಿಟ್ಟದ್ದನ್ನು ಕಣ್ಣಾರೆ ಕಂಡವರಿಗೆ ಕೈಹಿಡಿದದ್ದನ್ನೂ ಕಣ್ಣಾರೆ ತೋರಿಸಬೇಕು ಎಂಬುದನ್ನು ಅವರು ಅರಿತಿದ್ದರು.

ಮುಗಿದ ಸ್ಟಾಪ್‌ಮೋಷನ್ ಚಿತ್ರಕ್ಕೆ ದೃಶ್ಯ ಸೇರಿಸುವುದು ಸಣ್ಣ ಕೆಲಸವಲ್ಲ. ಬೊಂಬೆಗಳು ಚಿತ್ರೀಕರಣದುದ್ದಕ್ಕೂ ದುಡಿದು ಸವೆದಿರುತ್ತವೆ. ಒಳಗಿನ ತಂತಿ ಸಾವಿರಾರು ಸಲ ಬಾಗಿ ಸೋತಿರುತ್ತದೆ. ಸೆಟ್ಟನ್ನು ಮತ್ತೆ ಹೂಡಬೇಕು, ಬೆಳಕು ಹಳೆಯ ದೃಶ್ಯಗಳಿಗೆ ಹೊಂದಬೇಕು, ಬಣ್ಣ ಬೇರೆಯಾಗಿ ಕಾಣಬಾರದು. ಇಷ್ಟನ್ನು ದಾಟಿ ಬಂದ ದೃಶ್ಯದಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ಆಟಿಕೆಗಳು ದ್ವೀಪದಲ್ಲಿ ಒಂದೆಡೆ ಸೇರಿ, ಈ ವರ್ಷವೂ ನಮ್ಮನ್ನು ಮರೆತರು ಎಂದು ಮನಸೋತು ಕುಳಿತಿವೆ. ಆ ಹೊತ್ತಿಗೆ ಗಂಟೆಗಳ ಸದ್ದು ಕೇಳುತ್ತದೆ. ಮುಂದೆ ಕೆಂಪು ಮೂಗು, ಹಿಂದೆ ಸಾಂತಾನ ಬಂಡಿ. ಸಾಂತಾ ತನ್ನ ಸಂಚಾರದಲ್ಲಿ ಮೊದಲು ಇಳಿಯುವುದೇ ಆ ದ್ವೀಪದಲ್ಲಿ.

ಇಲ್ಲಿ ನಾನು ಮೆಚ್ಚುವ ಸಂಗತಿಯೊಂದಿದೆ. ಹೊಸ ದೃಶ್ಯ ಹಳೆಯ ತಪ್ಪನ್ನು ಮುಚ್ಚಿಡುವುದಿಲ್ಲ; ನೋಡುಗರ ಆತಂಕವನ್ನೇ ಆಟಿಕೆಗಳ ಬಾಯಿಗೆ ಕೊಡುತ್ತದೆ. ನಮ್ಮನ್ನು ಮರೆತರು ಎಂಬ ಅವುಗಳ ಮಾತು ಕಥೆಯ ಒಳಗೂ ನಿಜ, 1964ರ ಪ್ರಸಾರದ ಮಟ್ಟಿಗೂ ನಿಜ. ದೂರು ಬರೆದವರು ತಮ್ಮ ದುಃಖ ತೆರೆಯ ಮೇಲೆ ಮೊದಲು ಒಪ್ಪಿತವಾಗಿ, ಆಮೇಲೆ ಪರಿಹಾರವಾಗುವುದನ್ನು ಕಂಡರು. ಚಿತ್ರದ ಅತ್ಯಂತ ಮನಕಲಕುವ ಗಳಿಗೆ ಮೂಲ ಯೋಜನೆಯಲ್ಲಿ ಇರಲೇ ಇಲ್ಲ, ಅದು ಬಂದದ್ದು ಒಂದು ವರ್ಷ ತಡವಾಗಿ, ನೋಡುಗರ ಒತ್ತಾಯದಿಂದ.

ಚಿತ್ರದ ಕೊನೆಯ ಹೆಸರುಗಳ ಭಾಗವೂ ಬದಲಾಯಿತು. 1964ರಲ್ಲಿ ಹಾರುವ ಬಂಡಿಯಿಂದ ಎಲ್ಫ್ ಒಬ್ಬ ಉಡುಗೊರೆಯ ಪೊಟ್ಟಣಗಳನ್ನು ಕೆಳಗಿಳಿಸುತ್ತಿದ್ದ, ತಂತ್ರಜ್ಞರ ಹೆಸರುಗಳು ಆ ಪೊಟ್ಟಣಗಳ ಮೇಲೆಯೇ ಬರುತ್ತಿದ್ದವು. 1965ರಲ್ಲಿ ಪೊಟ್ಟಣಗಳ ಜಾಗಕ್ಕೆ ಆಟಿಕೆಗಳು ಬಂದವು. ಎಲ್ಫ್ ಒಂದೊಂದಕ್ಕೂ ಕೊಡೆ ಕೊಟ್ಟು, ಕೆಳಗಿನ ಮನೆಗಳತ್ತ ತೇಲಿಬಿಡುತ್ತಾನೆ. ತಮ್ಮ ಹೆಸರು ಹೊತ್ತ ಪೊಟ್ಟಣಗಳನ್ನು ತೆಗೆದು ಆಟಿಕೆಗಳಿಗೆ ಆ ಜಾಗ ಬಿಟ್ಟುಕೊಟ್ಟ ಈ ಬದಲಾವಣೆಯಲ್ಲಿ ಕಸುಬಿನವರ ದೊಡ್ಡತನ ಕಾಣುತ್ತದೆ.

ಆದರೆ ಅದೇ ಭಾಗದಲ್ಲಿ ಹೊಸದೊಂದು ಲೋಪ ನುಸುಳಿತು. ಹಕ್ಕಿಯ ಸರದಿ ಬಂದಾಗ ಎಲ್ಫ್ ಅದನ್ನು ಕೊಡೆಯಿಲ್ಲದೆಯೇ ಹೊರಗೆ ಬಿಡುತ್ತಾನೆ. ಹಕ್ಕಿಗೆ ಕೊಡೆ ಏಕೆ ಎಂಬ ಯೋಚನೆ ಸಹಜವೇ. ಆದರೆ ಈ ಹಕ್ಕಿ ಹಾರಲಾರದು, ಈಜಬಲ್ಲದು ಮಾತ್ರ. ಅದು ಆ ದ್ವೀಪಕ್ಕೆ ಬಂದು ಸೇರಿದ್ದೇ ಆ ಕಾರಣಕ್ಕೆ. ಒಂದು ತಪ್ಪನ್ನು ಇಷ್ಟು ಕಾಳಜಿಯಿಂದ ತಿದ್ದಿದ ಕೈಗಳಿಂದಲೇ ಇದು ತಪ್ಪಿಸಿಕೊಂಡಿತು, ಮತ್ತು ಇಂದಿಗೂ ಹಾಗೆಯೇ ಉಳಿದಿದೆ. ಆ ಹಕ್ಕಿ ಬೀಳುವುದನ್ನು ನೋಡುವಾಗಲೆಲ್ಲ ನನ್ನ ಮನಸ್ಸು ಒಂದು ಗಳಿಗೆ ಮುದುಡುತ್ತದೆ.

ತಿದ್ದುಪಡಿಯ ಆಚೆಗೆ

ಪ್ರಸಾರದ ಅವಧಿ ಹಿಗ್ಗುವುದಿಲ್ಲ. ಒಂದನ್ನು ಸೇರಿಸಿದರೆ ಇನ್ನೊಂದಕ್ಕೆ ಕತ್ತರಿ ಬೀಳುತ್ತದೆ, ಜಾಹೀರಾತಿನ ಹೊತ್ತು ಹೆಚ್ಚಿದಂತೆ ಆ ಕತ್ತರಿ ಇನ್ನೂ ಹರಿತವಾಗುತ್ತದೆ. ಮುಂದಿನ ವರ್ಷಗಳ ಪ್ರಸಾರಗಳಲ್ಲಿ ಕಳೆದುಹೋದ ಭಾಗಗಳಲ್ಲಿ ಯೂಕಾನ್ ಕಾರ್ನೀಲಿಯಸ್‌ನ ಕೊನೆಯ ದೃಶ್ಯವೂ ಒಂದು. ಅವನು ಚಿತ್ರದುದ್ದಕ್ಕೂ ತನ್ನ ಪಿಕಾಸಿಯನ್ನು ನೆಲಕ್ಕೆ ಬೀಸಿ, ಅದರ ತುದಿಯನ್ನು ನೆಕ್ಕಿ, ಏನೂ ಇಲ್ಲವೆಂದು ಮುಂದೆ ಹೋಗುತ್ತಿರುತ್ತಾನೆ. ಮೂಲದಲ್ಲಿ ಇದಕ್ಕೆ ಕೊನೆಗೊಂದು ಉತ್ತರವಿತ್ತು: ಅವನು ಕಂಡುಕೊಳ್ಳುವುದು ಪೆಪ್ಪರ್‌ಮಿಂಟಿನ ಗಣಿ. ಆ ದೃಶ್ಯ ಕತ್ತರಿಸಿಹೋದ ಮೇಲೆ ದಶಕಗಳ ಕಾಲ ನೋಡುಗರು ಅವನು ಬೆಳ್ಳಿ ಬಂಗಾರದ ರುಚಿ ನೋಡುತ್ತಿದ್ದಾನೆಂದೇ ತಿಳಿದರು. ತಡವಾಗಿ ಬಂದ ವಿಡಿಯೊ ಆವೃತ್ತಿಗಳಲ್ಲಿ ಆ ಭಾಗ ಮರಳಿ ಕಾಣಿಸಿಕೊಂಡಿತು. 1965ರಲ್ಲಿಯೇ ರುಡಾಲ್ಫ್ ಮತ್ತು ಹರ್ಮಿಯ ಒಂದು ಯುಗಳ ಗೀತೆಯ ಜಾಗದಲ್ಲಿ ಬೇರೊಂದು ಹಾಡು ಬಂದಿತ್ತು; ಅದೂ ಬಹಳ ಕಾಲದ ನಂತರ ಮೊದಲಿನ ರೂಪಕ್ಕೆ ತಿರುಗಿತು. ಚಿತ್ರದ ಹಕ್ಕುಸ್ವಾಮ್ಯದ ವರ್ಷವನ್ನು ರೋಮನ್ ಅಂಕಿಗಳಲ್ಲಿ ಬರೆಯುವಾಗ ಒಂದು ಅಕ್ಷರ ಬಿಟ್ಟುಹೋಗಿ, 1964ರ ಬದಲು 1164 ಎಂದು ಮೂಡಿದೆ. ಅದನ್ನು ತಿದ್ದಬೇಕೆಂದು ಯಾವ ಮಗುವಿಗೂ ಅನ್ನಿಸಲಿಲ್ಲ.

1972ರಿಂದ ಚಿತ್ರ ಸಿಬಿಎಸ್ ಜಾಲಕ್ಕೆ ಹೋಯಿತು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿಯೇ ಇದ್ದು, 2024ರಲ್ಲಿ, ಅರುವತ್ತನೆಯ ವರ್ಷಕ್ಕೆ, ಎನ್‌ಬಿಸಿಗೆ ಮರಳಿತು. 2014ರಲ್ಲಿ ಅಮೆರಿಕದ ಅಂಚೆ ಇಲಾಖೆ ಅದರ ಪಾತ್ರಗಳ ಅಂಚೆಚೀಟಿಗಳನ್ನು ಹೊರಡಿಸಿತು.

ಬೊಂಬೆಗಳ ಪಾಡು ಮಾತ್ರ ಅಷ್ಟು ಸುಖಕರವಾಗಿರಲಿಲ್ಲ. ಚಿತ್ರೀಕರಣ ಮುಗಿದ ಮೇಲೆ ಬೊಂಬೆಗಳನ್ನು ಜೋಪಾನ ಮಾಡುವ ರೂಢಿ ಆ ಕಾಲದಲ್ಲಿ ಇರಲಿಲ್ಲ. ತಯಾರಿಕಾ ಸಂಸ್ಥೆಯ ನ್ಯೂಯಾರ್ಕ್ ಕಚೇರಿಗೆ ಬಂದ ಕೆಲವನ್ನು ಅಲ್ಲಿನ ಉದ್ಯೋಗಿಯೊಬ್ಬರು ಮನೆಗೆ ಒಯ್ದರು. ಆ ಕುಟುಂಬ ವರ್ಷಗಳ ಕಾಲ ಅವನ್ನು ಕ್ರಿಸ್ಮಸ್ ಮರದ ಕೆಳಗೆ ಇಟ್ಟಿತು, ಮಕ್ಕಳು ಆಡಿದರು, ಹಬ್ಬ ಮುಗಿದ ಮೇಲೆ ಅವು ಅಟ್ಟ ಸೇರಿದವು. ಹೆಚ್ಚಿನವು ಹಾಳಾದವು. ಉಳಿದದ್ದು ಎರಡು: ಹನ್ನೊಂದು ಅಂಗುಲದ ಸಾಂತಾ ಮತ್ತು ಆರು ಅಂಗುಲದ ಎಳೆಯ ರುಡಾಲ್ಫ್. ಮರ, ತಂತಿ, ಬಟ್ಟೆ, ಚರ್ಮ, ಸಾಂತಾನ ಗಡ್ಡಕ್ಕೆ ಯಾಕ್ ಪ್ರಾಣಿಯ ಕೂದಲು, ಇಷ್ಟೇ ಅವುಗಳ ಮೈ. 2000ದ ದಶಕದಲ್ಲಿ ಬೆಳಕಿಗೆ ಬಂದಾಗ ಸಾಂತಾನ ಮೀಸೆಯಲ್ಲಿ ಅರ್ಧ ಇರಲಿಲ್ಲ. ರುಡಾಲ್ಫ್‌ಗೆ ಮೂಗೇ ಇರಲಿಲ್ಲ.

ಸಂಗ್ರಾಹಕರೊಬ್ಬರು ಕೊಂಡು, ಲಾಸ್ ಏಂಜಲೀಸಿನ ಸ್ಕ್ರೀನ್ ನಾವೆಲ್ಟೀಸ್ ಎಂಬ ಸ್ಟಾಪ್‌ಮೋಷನ್ ಸ್ಟುಡಿಯೊಗೆ ದುರಸ್ತಿಗೆ ಒಪ್ಪಿಸಿದರು. ಆ ಸ್ಟುಡಿಯೊದವರಿಗೆ ಎದುರಾದದ್ದು 1965ರಲ್ಲಿ ಎದುರಾಗಿದ್ದಂಥದೇ ಪ್ರಶ್ನೆ: ಹಳೆಯದಕ್ಕೆ ಹೊಸದನ್ನು ಸೇರಿಸಬೇಕು, ಆದರೆ ಕಣ್ಣು ಅದನ್ನು ಬೇರೆಯೆಂದು ಗುರುತಿಸಬಾರದು. 2020ರ ನವೆಂಬರಿನಲ್ಲಿ ನಡೆದ ಹರಾಜಿನಲ್ಲಿ ಈ ಜೋಡಿ 3,68,000 ಡಾಲರಿಗೆ ಮಾರಾಟವಾಯಿತು. ಅಟ್ಲಾಂಟಾ ನಗರದ ಸೆಂಟರ್ ಫಾರ್ ಪಪೆಟ್ರಿ ಆರ್ಟ್ಸ್ ಸಂಸ್ಥೆಯ ಗಾಜಿನ ಹಿಂದೆ ಜನ ಅವನ್ನು ಹತ್ತಿರದಿಂದ ನೋಡಿದ್ದಾರೆ: ಎರಡೂ ಬದಿಗೆ ಮೀಸೆಯುಳ್ಳ ಸಾಂತಾ, ಅವನ ಪಕ್ಕದಲ್ಲಿ ಅಂಗೈಯಗಲದ ಒಂದು ಹಿಮಸಾರಂಗ, ಅದರ ಮುಖದ ಮೇಲೆ ಕೆಂಪು ಮೂಗು.